ಹಳೇ ಪುಸ್ತಕದ ಕಲ್ಲಿನ ವಾಕ್ಯ

ಸೇಂಟ್ ಪಾಲ್
ಸೆಪ್ಟೆಂಬರ್ 9, 1979

ಪ್ರಿಯ ತಾಂತೆ ಥೋರಾ,

ಕ್ಷೇಮವಾಗಿ ಬಂದು ಸೇರಿದೆ. ನೀವು ಕಟ್ಟಿಕೊಟ್ಟ ಆಲೂಗಡ್ಡೆ ರೊಟ್ಟಿ ಬಸ್ಸಿನಲ್ಲೇ ಅರ್ಧ ಮುಗಿಯಿತು. ಪಾದ್ರಿಯಾಗಲು ಓದುವ ಈ ಸೆಮಿನರಿಯಲ್ಲಿ ನನ್ನ ಕೋಣೆಯ ಸಾಲಿನವರೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರರವರು. ಮೊದಲ ದಿನ ಒಬ್ಬ ಹುಡುಗ ನನ್ನ ಹತ್ತಿರ ಬಂದು "ಮೇಡಂ, ಕಾಫಿ ಎಷ್ಟೊತ್ತಿಗೆ ಇಡ್ತೀರಿ?" ಎಂದು ಕೇಳಿದ. ಅಡುಗೆಯವಳು ಅಂದುಕೊಂಡಿದ್ದ. ಹದಿನೆಂಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿದ್ದು ಮುಖದ ಮೇಲೇ ಕಾಣುತ್ತದೋ ಏನೋ. ನಾನೂ ಹೊಸಬಳೇ ಎನ್ನಲು ನಾಚಿಕೆಯಾಗಿ, ಕಾಫಿ ಡಬ್ಬ ಹುಡುಕಿ ಕೊಟ್ಟೆ.

ಈ ಸೆಮಿಸ್ಟರಿಗೆ ಆರಿಸಲು ಹೆಚ್ಚೇನಿಲ್ಲ. ಚರ್ಚಿನ ಇತಿಹಾಸ, ರೋಗಿಗಳ ಭೇಟಿ, ಮತ್ತು ಬೈಬಲನ್ನು ಮೂಲದಲ್ಲಿ ಓದಲು ಎಲ್ಲರೂ ತೆಗೆದುಕೊಳ್ಳಲೇಬೇಕಾದ ಗ್ರೀಕ್. ಗ್ರೀಕ್ ಮುಗಿಸದವರಿಗೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಅಂತ, ಅರವತ್ತರ ಮೇಲಿನವರು, ಮಾತು ಮೃದು. ಗುರುವಾರ ಗುರುವಾರ ಕೋಣೆಯಲ್ಲಿ ಮಾಡಿದ ಎರಡೆರಡು ಪಾಠದ ಹಾಳೆ ಒಪ್ಪಿಸಬೇಕು. ಕಷ್ಟವೇನಿಲ್ಲ, ನಿಭಾಯಿಸುತ್ತೇನೆ.

ಹೆಗ್ರೆ ಊರಿಗೆಲ್ಲ ತಾಂತೆಯಾದ, ಚಿಕ್ಕಮ್ಮನಾದ ನಿಮಗೆ,
ಆರ್ಡಿಸ್

ಹೆಗ್ರೆ, ನಾರ್ತ್ ಡಕೋಟಾ
ಸೆಪ್ಟೆಂಬರ್ 16, 1979

ಆರ್ಡಿಸ್,

ಕಾಫಿ ಕೊಟ್ಟದ್ದು ಒಳ್ಳೆಯದೇ ಆಯಿತು. ನಾಳೆ ನೀನು ಪಾದ್ರಿಯಾದರೂ ಅದೇ ಕೆಲಸ ಜಾಸ್ತಿ. ನನ್ನ ಯಜಮಾನರು ನಿಲ್ಸ್ ಈ ಚರ್ಚಿನ ಸಭೆಗೆ ಮೂವತ್ತೆಂಟು ವರ್ಷ ಪಾದ್ರಿಯಾಗಿದ್ದರು. ಆರಾಧನೆಯಲ್ಲಿ ಅವರು ಮಾಡುವ ಪ್ರಸಂಗದ ಬಗ್ಗೆ ಒಬ್ಬರೂ ದೂರಲಿಲ್ಲ, ಕಾಫಿ ತೆಳ್ಳಗಾದ ಭಾನುವಾರ ಮಾತ್ರ ನನಗೆ ತಪ್ಪದೆ ಸುದ್ದಿ ಬರುತ್ತಿತ್ತು.

ನಿನ್ನ ಹೆಸರು ಭಾನುವಾರದ ಪ್ರಾರ್ಥನೆಗೆ ಸೇರಿದೆ. ಕಾಯಿಲೆಯವರ ಪಟ್ಟಿ ಮುಗಿದ ಕೂಡಲೇ ಈಗಿನ ಪಾಸ್ಟರ್ ಡೇಲ್ "ನಮ್ಮ ಆರ್ಡಿಸ್‌ಗಾಗಿ, ಅವಳ ಗ್ರೀಕ್‌ಗಾಗಿ" ಅಂದರು. ಹಿಂದಿನ ಬೆಂಚಿನಿಂದ ಕಿವಿ ಮಂದದ ಆರ್ವಿಲ್ ಹೆಂಡತಿಯನ್ನು ಕೇಳಿದ್ದು ಇಡೀ ಚರ್ಚಿಗೆ ಕೇಳಿಸಿತು: "ಗ್ರೀಕಾ? ಅದ್ಯಾವ ಕಾಯ್ಲೆ, ಅಂಟುತ್ತಾ?"

ಇನ್ನೊಂದು ಮಾತು, ನಗಬೇಡ. ನಿಲ್ಸ್ ಸೆಮಿನರಿಯಲ್ಲಿ ಓದಿದ ಗ್ರೀಕ್ ಪುಸ್ತಕ ಅಟ್ಟದಲ್ಲಿತ್ತು. ನಿನ್ನದೂ ಅದೇ ಅಂತ ಡೇಲ್ ಹೇಳಿದರು, ನಿನ್ನದು ಹೊಸ ಮುದ್ರಣ ಅಷ್ಟೇ. ಎಪ್ಪತ್ತಾರು ವರ್ಷಕ್ಕೆ ಹೆಣಿಗೆ ಹಾಕಿ ಹಾಕಿ ಬೇಜಾರಾಗಿದೆ. ನಿನ್ನ ಜೊತೆಗೆ ನಾನೂ ಮಾಡೋಣ ಅಂತ ಕೂತು ಎಂಟು ಪಾಠ ಮಾಡಿಬಿಟ್ಟೆ. ಏಳನೆಯದರ ಕೊನೆಯ ವಾಕ್ಯ "ಆಳುಗಳು ಹೊಲದಿಂದ ಕಲ್ಲು ಹೊರುತ್ತಿದ್ದಾರೆ" ಅಂತ. ವಸಂತ ಬಂತೆಂದರೆ ಬೆನ್ನು ಮುರಿದುಕೊಂಡು ಹೊಲದ ಕಲ್ಲು ಆರಿಸುವ ಹಣೆಬರಹ ನಮಗೊಬ್ಬರಿಗೇ ಅಂದುಕೊಂಡಿದ್ದೆ.

ನನ್ನ ಹಾಳೆಗಳು ಇದರಲ್ಲಿವೆ. ಪ್ರೊಫೆಸರ್ ತಿದ್ದಿದ ನಿನ್ನ ಹಾಳೆಗಳನ್ನು ಕಳಿಸು. ಪಕ್ಕದಲ್ಲಿಟ್ಟುಕೊಂಡು ನನ್ನದನ್ನು ನಾನೇ ತಿದ್ದಿಕೊಳ್ಳುತ್ತೇನೆ.

ತಾಂತೆ

ಸೇಂಟ್ ಪಾಲ್
ಅಕ್ಟೋಬರ್ 14, 1979

ಪ್ರಿಯ ತಾಂತೆ,

ತಡವಾಯಿತು, ಕ್ಷಮಿಸಿ. ಎಂಟನೇ ಪಾಠದವರೆಗಿನ ತಿದ್ದಿದ ಹಾಳೆಗಳನ್ನೆಲ್ಲ ಇದರಲ್ಲಿ ಇಟ್ಟಿದ್ದೇನೆ. ಅಂಕ ಚೆನ್ನಾಗಿಯೇ ಬರುತ್ತಿವೆ. ಇಲ್ಲಿ ಚಳಿ ಶುರುವಾಗಿದೆ. ಊಟ ಸಪ್ಪೆ, ಸಾರಿಗೆ ಉಪ್ಪು ಹಾಕುವವರೇ ಇಲ್ಲ.

ನಿಮ್ಮ ಹಾಳೆ ಬಂದರೆ ಏನೋ ಒಂದು ಧೈರ್ಯ. ತೊಂದರೆಯಿಲ್ಲವಾದರೆ, ಬುಧವಾರದೊಳಗೆ ನನ್ನ ಕೈ ಸೇರುವ ಹಾಗೆ ಅಂಚೆಗೆ ಹಾಕುತ್ತೀರಾ? ಜೊತೆಯಾಗಿ ಸಾಗಿದ ಹಾಗಾಗುತ್ತದೆ.

ನಿಮ್ಮ ಆರ್ಡಿಸ್

ಹೆಗ್ರೆ
ಅಕ್ಟೋಬರ್ 19, 1979

ಆರ್ಡಿಸ್,

ಹಾಳೆ ತಲುಪಿದವು. ಪ್ರೊಫೆಸರರ ಕೆಂಪು ಶಾಯಿ ಅಂದವಾಗಿದೆ, ಅಕ್ಷರ ಮುತ್ತಿನಂತಿದೆ.

ಒಂಬತ್ತು, ಹತ್ತು, ಹನ್ನೊಂದು ಮಾಡಿ ಇಟ್ಟಿದ್ದೇನೆ. ಸೋಮವಾರವೇ ಅಂಚೆಗೆ ಹಾಕಿದರೆ ಬುಧವಾರ ಸಿಗಬಹುದು, ಇನ್ನು ಹಾಗೇ ಮಾಡುತ್ತೇನೆ. ನಿಲ್ಸ್ ಪುಸ್ತಕದ ಅಚ್ಚು ಸವೆದಿದೆ, ಕಣ್ಣಿಗೆ ಕಷ್ಟ. ಪಾಸ್ಟರ್ ಡೇಲ್ ಹತ್ತಿರ ಹೊಸ ಮುದ್ರಣ ಕೇಳಿ ತಂದುಕೊಂಡೆ. ನಿನಗೆ ಓದಲು ಸುಲಭವಾಗಲಿ ಅಂತ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ.

ತಿದ್ದಿದ್ದನ್ನು ಮರೆಯದೆ ಕಳಿಸುತ್ತಿರು.

ತಾಂತೆ

ಸೇಂಟ್ ಪಾಲ್
ಜನವರಿ 13, 1980

ಪ್ರಿಯ ತಾಂತೆ,

ಕ್ರಿಸ್‌ಮಸ್‌ಗೆ ಬರಲಿಲ್ಲವೆಂದು ಬೇಸರಿಸಬೇಡಿ. ಹಿಮ ಇತ್ತು, ಬಸ್ಸು ನಂಬುವ ಹಾಗಿರಲಿಲ್ಲ.

ಗ್ರೀಕ್ ಪಾಸಾಯಿತು. ಸಭೆಗೆ ತಿಳಿಸಿ.

ಈಗ ಮುಂದಿನ ಸೆಮಿಸ್ಟರಿಗೆ ತರಗತಿ ಆರಿಸುವ ನಮೂನೆ ಮೇಜಿನ ಮೇಲೆ ಕೂತಿದೆ. ಇಪ್ಪತ್ತೈದನೇ ತಾರೀಕು ಶುಕ್ರವಾರ ಕೊನೆಯ ದಿನ. ಪ್ರೊಫೆಸರ್ ಲಿಂಡ್‌ಕ್ವಿಸ್ಟ್ ಆರೇ ಆರು ಜನರನ್ನು ಕೂರಿಸಿಕೊಂಡು ಬೈಬಲಿನ ಮಾರ್ಕನ ಸುವಾರ್ತೆಯನ್ನು ಗ್ರೀಕಿನಲ್ಲಿ ಓದಿಸುತ್ತಾರೆ. ನನ್ನನ್ನು ಕರೆದಿದ್ದಾರೆ. ಅದರ ಜೊತೆಗೆ ಹೀಬ್ರೂ ಮತ್ತು ಪ್ರಸಂಗದ ತರಗತಿ ತೆಗೆದುಕೊಂಡರೆ ಮುಂದಿನ ಬೇಸಿಗೆಗೆ ಒಂದು ಸಭೆಯಲ್ಲಿ ತರಬೇತಿಗೆ ಕಳಿಸುತ್ತಾರೆ. ಇಲ್ಲವೆಂದರೆ ಮೊದಲನೇ ಗ್ರೀಕನ್ನೇ ಇನ್ನೊಮ್ಮೆ ಮಾಡಬಹುದು, ಬುಡ ಗಟ್ಟಿಯಾಗಲಿ ಎಂದು. ಹಾಗೆ ಮಾಡಿದರೆ ಒಂದು ವರ್ಷ ಹಿಂದೆ ಬೀಳುತ್ತೇನೆ. ಪಾಸಾದವಳು ಯಾಕೆ ಮತ್ತೆ ಕೂರುತ್ತಾಳೆ ಎಂದು ಎಲ್ಲರೂ ಕೇಳುತ್ತಾರೆ.

ಏನು ಬರೆಯಲಿ? ನೀವು ಹೇಳಿದಂತೆ ಮಾಡುತ್ತೇನೆ.

ಆರ್ಡಿಸ್

ಹೆಗ್ರೆ
ಜನವರಿ 16, 1980

ಆರ್ಡಿಸ್,

ಕೇಳುವುದೇನು ಬಂತು? ನಮೂನೆಯಲ್ಲಿ ಮಾರ್ಕ ಬರೆ. ಆರು ಜನರಲ್ಲಿ ಒಬ್ಬಳಾಗಿ ಕರೆದಿದ್ದಾರೆ, ಇನ್ನೇನು ಬೇಕು! ಪ್ರತಿ ವಾರ ಯಾವ ಅಧ್ಯಾಯ ಮಾಡಿಸುತ್ತಾರೆ ಅಂತ ಮೊದಲೇ ಬರೆದು ಕಳಿಸು, ನಾನೂ ಜೊತೆಗೆ ಇರುತ್ತೇನೆ. ಪ್ರೊಫೆಸರು ಅಂಚಿನಲ್ಲಿ ಬರೆದದ್ದನ್ನು ಒಂದಕ್ಷರ ಬಿಡದೆ ಕಳಿಸು.

ಹೆಂಗಸರ ಸಂಘದಲ್ಲಿ ನೀನು ಪಾದ್ರಿಯಾದಾಗ ತೊಡಲು ಬಿಳಿ ನಿಲುವಂಗಿ ಹೊಲಿಯುತ್ತಿದ್ದಾರೆ. ಲಾವೊನ್ ಬಟ್ಟೆ ಕತ್ತರಿಸಿದಳು. ಅವಳ ಕತ್ತರಿಗೆ ಯಾರೂ ಎದುರಾಡುವ ಹಾಗಿಲ್ಲ, ನಿನಗೆ ಗೊತ್ತಲ್ಲ.

ತಾಂತೆ

ಸೇಂಟ್ ಪಾಲ್
ಜನವರಿ 21, 1980

ತಾಂತೆ,

ನಿಮ್ಮ ಕಾಗದ ಬಂದಾಗಿನಿಂದ ನಮೂನೆಯ ಎದುರು ಕೂರುತ್ತೇನೆ, ಏಳುತ್ತೇನೆ. ನಿಲುವಂಗಿಯ ಸುದ್ದಿ ಓದಿದ ಮೇಲೆ ಕೂರಲೂ ಆಗುತ್ತಿಲ್ಲ.

ಗ್ರೀಕ್ ಪಾಸಾಗಿದ್ದು ನಾನಲ್ಲ, ನೀವು.

ಮೊದಲ ಮೂರು ಹಾಳೆ ನನ್ನವೇ. ನೀವು ನೋಡಿರುತ್ತೀರಿ, ಕೆಂಪು ಶಾಯಿಯೇ ತುಂಬಿತ್ತು. ಹುಡುಗರು ಊಟಕ್ಕೆ ನಿಂತಲ್ಲೇ ಪದಗಳನ್ನು ಬಾಯಿಪಾಠ ಮಾಡುತ್ತಾರೆ. ನಾನು ನಾಲ್ಕು ಗಂಟೆ ಕೂತು ಎಂಟು ಪದ ಕಲಿತು, ಮುಖ ತೊಳೆದು ಬರುವಷ್ಟರಲ್ಲಿ ಐದು ಮರೆಯುತ್ತೇನೆ. ನಾಲ್ಕನೇ ಪಾಠದ ಗುರುವಾರ ಬೆಳಿಗ್ಗೆ ನನ್ನ ಹಾಳೆ ಖಾಲಿಯಿತ್ತು. ನಿಮ್ಮದು ಡ್ರಾಯರಿನಲ್ಲಿತ್ತು. ಇವತ್ತು ಒಂದು ದಿನ ಅಂದುಕೊಂಡು ನೋಡಿ ಬರೆದೆ. ಒಂಬತ್ತಕ್ಕೆ ಒಪ್ಪಿಸಿದೆ. ಆಮೇಲೆ ಒಂದನ್ನೂ ನಾನಾಗಿ ಮಾಡಲಿಲ್ಲ. ಬುಧವಾರದೊಳಗೆ ಕಳಿಸಿ ಎಂದು ಕೇಳಿದ್ದು ಯಾಕೆಂದು ಈಗ ಗೊತ್ತಾಯಿತಲ್ಲ. ತಿದ್ದಿ ಬಂದ ಹಾಳೆಗಳನ್ನು ನಾನು ಓದುತ್ತಲೂ ಇರಲಿಲ್ಲ. ನನ್ನದಲ್ಲದ ಅಂಕ ನೋಡಲು ಮುಖವಿಲ್ಲದೆ ಹಾಗೇ ನಿಮ್ಮ ಲಕೋಟೆಗೆ ತುರುಕುತ್ತಿದ್ದೆ.

ಕೊನೆಯ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ ಇಪ್ಪತ್ತೊಂಬತ್ತು. ಪ್ರೊಫೆಸರ್ ಕರೆದು ಕೂರಿಸಿ, "ಆರ್ಡಿಸ್, ನಿಮಗೆ ಪರೀಕ್ಷೆ ಅಂದ್ರೆ ಭಯ, ಅಷ್ಟೇ. ಹಾಳೆ ನೋಡಿದ್ರೆ ಗೊತ್ತಾಗಲ್ವಾ, ಎಲ್ಲಾ ಬರುತ್ತೆ ನಿಮಗೆ" ಅಂದರು. ನಾನು ತಲೆಯಾಡಿಸಿದೆ. ಅವರು ನನ್ನನ್ನು ಪಾಸು ಮಾಡಿದರು. ತಾಂತೆ, ಆ ತಲೆಯಾಡಿಸಿದ್ದನ್ನು ನೆನೆದರೆ ಕನ್ನಡಿ ನೋಡಲಾಗುವುದಿಲ್ಲ. ಇಷ್ಟಾದ ಮೇಲೂ ನಿಮ್ಮನ್ನೇ ಕೇಳಿದೆ, ಏನು ಆರಿಸಲಿ ಎಂದು. ನೀವು "ಸಾಕು, ಮತ್ತೆ ಮೊದಲಿಂದ ಮಾಡು" ಎಂದಿದ್ದರೆ ನಿಮ್ಮ ಮಾತಿನ ಹಿಂದೆ ಅಡಗಿಕೊಳ್ಳುತ್ತಿದ್ದೆ. ನೀವು ನನ್ನ ಮೇಲೆ ಅಷ್ಟು ನಂಬಿಕೆಯಿಟ್ಟು ಮಾರ್ಕ ಬರೆ ಅಂದಿರಿ. ಆ ನಂಬಿಕೆಯನ್ನು ತಡೆದುಕೊಳ್ಳಲಾರೆ.

ನಾಳೆ ಅವರ ಬಾಗಿಲು ತಟ್ಟುತ್ತೇನೆ. ಹೊರಗೆ ಹಾಕಿದರೆ ಊರಿಗೆ ಬರುತ್ತೇನೆ, ಯಾವ ಮುಖ ಹೊತ್ತು ಬರಲಿ ಎಂದು ಮಾತ್ರ ತಿಳಿಯದು.

ಆರ್ಡಿಸ್

ಹೆಗ್ರೆ
ಜನವರಿ 21, 1980

ಆರ್ಡಿಸ್,

ಹಿಂದಿನ ಕಾಗದ ಬಂದಿದ್ದರೆ ಒಲೆಗೆ ಹಾಕು.

ನಿನ್ನೆ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ನಿಲುವಂಗಿಗೆ ಅಳತೆ ನೋಡಬೇಕಿತ್ತು. ಲಾವೊನ್ ನನ್ನ ಕಡೆ ಬೆರಳು ತೋರಿಸಿ, "ತಾಂತೆ, ನಿಮ್ಮ ಭುಜ ಆರ್ಡಿಸ್ ಭುಜದ ಹಾಗೇ ಇದೆ, ಬನ್ನಿ ನಿಂತ್ಕೊಳ್ಳಿ" ಅಂದಳು. ನಿಂತೆ. ತಲೆಯ ಮೇಲಿಂದ ಇಳಿಸಿದರು. ತೋಳು ಸರಿಯಾಗಿ ಕೂತಿತು, ಉದ್ದವೂ ಸರಿಯಾಯಿತು. ಯಾರೋ "ನೋಡ್ರೇ, ಪಾಸ್ಟರ್ ಥೋರಾ!" ಅಂದರು. "ಹಂಗಾದ್ರೆ ಇವತ್ತಿನ ಪ್ರಸಂಗ ಚಿಕ್ಕದಾಗಿರ್ಲಿ, ಹೊಟ್ಟೆ ಹಸೀತಿದೆ" ಅಂತ ಇನ್ನೊಬ್ಬಳು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅಡುಗೆಮನೆ ಬಾಗಿಲಿನ ಗಾಜಿನಲ್ಲಿ ನನ್ನನ್ನು ನೋಡಿಕೊಂಡೆ. ಬಿಚ್ಚಲು ಮನಸ್ಸಾಗಲಿಲ್ಲ. ಮನೆಗೆ ಬಂದು ಸೂಪು ಬಿಸಿ ಮಾಡಿ ಹಾಗೇ ಚೆಲ್ಲಿದೆ.

ನನಗೆ ಅಕ್ಟೋಬರಿನಿಂದ ಗೊತ್ತು.

ನೀನು ಕಳಿಸಿದ ಮೊದಲ ಕಟ್ಟಿನಲ್ಲಿ ಏಳನೇ ಹಾಳೆಯ ಕೊನೆಗೆ ನಿನ್ನ ಕೈಬರಹದಲ್ಲಿ "ಆಳುಗಳು ಹೊಲದಿಂದ ಕಲ್ಲು ಹೊರುತ್ತಿದ್ದಾರೆ" ಅಂತಿತ್ತು. ಅದರ ಪಕ್ಕ ಕೆಂಪಿನಲ್ಲಿ: "ಈ ವಾಕ್ಯ ನಮ್ಮ ಪುಸ್ತಕದಲ್ಲಿಲ್ಲ. ಎಲ್ಲಿಂದ ಬಂತು?" ಡೇಲ್ ಮನೆಗೆ ಹೋಗಿ ಹೊಸ ಮುದ್ರಣ ತೆಗೆದು ನೋಡಿದೆ. ಆ ಜಾಗದಲ್ಲಿ ಬೇರೆ ಏನೋ ಇದೆ, ಮೀನುಗಾರರದ್ದು. ಕಲ್ಲು ಹೊರುವ ಆಳುಗಳು ಇರುವುದು ನಿಲ್ಸ್ ಪುಸ್ತಕದಲ್ಲಿ ಮಾತ್ರ. ನಾಲ್ಕನೆಯದರಿಂದ ಮುಂದೆ ನಿನ್ನ ಹಾಳೆಗಳೆಲ್ಲ ನನ್ನವೇ.

ಆವತ್ತೇ ನಿನಗೆ ಎರಡು ಸಾಲು ಬರೆಯಬೇಕಿತ್ತು. ಬರೆಯದೆ ನಾನು ಮಾಡಿದ್ದೇನು ಗೊತ್ತಾ? ಡೇಲ್ ಅವರ ಪುಸ್ತಕ ಎರವಲು ತಂದೆ, ಮತ್ತೆ ಸಿಕ್ಕಿಬೀಳದಿರಲಿ ಅಂತ. ಅಕ್ಷರ ದೊಡ್ಡದು ಮಾಡಿದೆ. ಸೋಮವಾರ ತಪ್ಪದೆ ಅಂಚೆಗೆ ಹಾಕಿದೆ. ಅಚ್ಚು ಸವೆದಿದೆ ಅಂತ ಸುಳ್ಳು ಬೇರೆ.

ಯಾಕೆ ಅಂತ ಕೇಳು. 1926ರಲ್ಲಿ ನಿಲ್ಸ್ ಓದುತ್ತಿದ್ದಾಗ ಪದಗಳ ಚೀಟಿ ಹಿಡಿದು ಅವರಿಂದ ಒಪ್ಪಿಸಿಕೊಳ್ಳುತ್ತಿದ್ದವಳು ನಾನು. ಅವರಿಗಿಂತ ಮೊದಲೇ ನನಗೆ ಬಂದುಬಿಡುತ್ತಿತ್ತು, ಬಂದಿಲ್ಲದ ಹಾಗೆ ಸುಮ್ಮನಿರುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಅವರ ಮೇಷ್ಟ್ರನ್ನು ಕೇಳಿದೆ, ಹಿಂದಿನ ಬೆಂಚಿನಲ್ಲಿ ಕೂರಲೇ ಅಂತ. "ಹೆಂಡತಿಯರಿಗೆ ಮಂಗಳವಾರ ಟೀ ಇದೆಯಲ್ಲಮ್ಮ" ಅಂದರು. ಐವತ್ತಮೂರು ವರ್ಷ ಆಯಿತು. ಈಗ ಸೆಮಿನರಿಯ ಪ್ರೊಫೆಸರೊಬ್ಬರು ನನ್ನ ತಪ್ಪಿಗೆ ಕೆಂಪು ಗೆರೆ ಎಳೆಯುತ್ತಿದ್ದಾರೆ. "ಭೇಷ್" ಅಂತ ಬರೆಯುತ್ತಿದ್ದಾರೆ. ಮುಂದಿನ ವಾರದ್ದು ಬೇಕಾಗಿತ್ತು ನನಗೆ. ಅದರ ಮುಂದಿನದ್ದೂ ಬೇಕಾಗಿತ್ತು.

ಮಾರ್ಕ ಬರೆ ಅಂದದ್ದು ನಿನ್ನ ಮೇಲಿನ ನಂಬಿಕೆಯಿಂದಲ್ಲ. ಮಾರ್ಕ ಬೇಕಾಗಿದ್ದು ನನಗೆ. ನೀನು ಮುಳುಗುತ್ತಿದ್ದೆ, ನಿನ್ನ ಹೆಗಲ ಮೇಲೆ ಕಾಲಿಟ್ಟು ನಾನು ದಡ ನೋಡುತ್ತಿದ್ದೆ. ಪಾದ್ರಿಯ ಹೆಂಡತಿ ಅಂತ ಊರೆಲ್ಲ ಎದ್ದು ನಿಲ್ಲುತ್ತಾರೆ ನನಗೆ.

ಮಾರ್ಕ ಬೇಡ. ಮೊದಲನೇ ಗ್ರೀಕ್ ಬರೆ. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ಥೋರಾ

ಸೇಂಟ್ ಪಾಲ್
ಫೆಬ್ರವರಿ 4, 1980

ಪ್ರಿಯ ತಾಂತೆ,

ನಮ್ಮ ಕಾಗದಗಳು ದಾರಿಯಲ್ಲೇ ಒಂದನ್ನೊಂದು ದಾಟಿವೆ. ನಿಮ್ಮದು ಓದಿ ಎರಡು ದಿನ ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಅಕ್ಟೋಬರಿನಲ್ಲೇ ಒಂದು ಮಾತು ಅಂದಿದ್ದರೆ ಎನಿಸಿತು. ಮೂರನೇ ದಿನ ನೆನಪಾಯಿತು, ಡ್ರಾಯರು ತೆಗೆದ ಕೈ ನನ್ನದು.

ಪ್ರೊಫೆಸರ್ ಪೂರ್ತಿ ಕೇಳಿಸಿಕೊಂಡರು. ನಾನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ನಿಮ್ಮ ಹಾಳೆಗಳನ್ನೆಲ್ಲ ಅವರ ಮೇಜಿನ ಮೇಲಿಟ್ಟೆ. ಅವರು ಎದ್ದು ಬೀರುವಿನಿಂದ ಹಳೇ ಮುದ್ರಣದ ಪುಸ್ತಕ ತೆಗೆದರು. "ಈ ಕಲ್ಲಿನ ವಾಕ್ಯ ನಾನೂ ಮಾಡಿದೀನಿ, ಹುಡುಗನಾಗಿದ್ದಾಗ. ನೀವು ಯಾರದೋ ಹಳೇ ಪುಸ್ತಕ ತಗೊಂಡಿರ್ಬೇಕು ಅಂದ್ಕೊಂಡೆ. ಕೇಳಿ ಬರೆದೆ. ನೀವು ಉತ್ತರ ಕೊಡ್ಲೇ ಇಲ್ಲ" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಸಮಿತಿ ಸೇರಿತು. ಹೊರಗೆ ಹಾಕಿಲ್ಲ. ಗ್ರೀಕ್ ಫೇಲ್ ಎಂದು ದಾಖಲಾಗಿದೆ, ಯಾಕೆಂಬುದೂ ದಾಖಲಾಗಿದೆ. ಹೀಬ್ರೂ ಇಲ್ಲ, ಪ್ರಸಂಗ ಇಲ್ಲ, ಬೇಸಿಗೆಯ ತರಬೇತಿಯೂ ಇಲ್ಲ. ನಮೂನೆಯಲ್ಲಿ ಒಂದೇ ಸಾಲು ತುಂಬಿಸಿದ್ದೇನೆ: ಮೊದಲನೇ ಗ್ರೀಕ್. ನನ್ನನ್ನು ಕಳಿಸಿದ ಸಭೆಗೆ ನಾನೇ ತಿಳಿಸಬೇಕೆಂದು ಆಜ್ಞೆ. ಅದರ ಕಾಗದ ಇದರಲ್ಲಿದೆ, ಪಾಸ್ಟರ್ ಡೇಲ್‌ಗೆ ಕೊಡಿ. ನಿಮ್ಮ ಹೆಸರು ಎಲ್ಲೂ ಬರೆದಿಲ್ಲ, "ಬೇರೊಬ್ಬರು" ಅಂದಿದ್ದೇನೆ.

ಆರ್ಡಿಸ್

ಹೆಗ್ರೆ
ಫೆಬ್ರವರಿ 11, 1980

ಆರ್ಡಿಸ್,

ಡೇಲ್ ನಿನ್ನೆ ಚರ್ಚಿನಲ್ಲಿ ನಿನ್ನ ಕಾಗದ ಓದಿದರು, ಶನಿವಾರದ ಊಟದ ಪ್ರಕಟಣೆಗೂ ಹಿಮ ತೆಗೆಯುವವರ ಪಟ್ಟಿಗೂ ನಡುವೆ. "ಬೇರೊಬ್ಬರು" ಅಂದಾಗ ಎಲ್ಲರೂ ನಗರದ ಯಾವಳೋ ಚುರುಕು ಹುಡುಗಿ ಅಂದುಕೊಂಡಿರಬೇಕು. ಎರಡನೇ ಬೆಂಚಿನಲ್ಲಿ, ನಲವತ್ತು ವರ್ಷದಿಂದ ಕೂತ ಜಾಗದಲ್ಲಿ, ಸುಮ್ಮನೆ ಕೂತಿರಬಹುದಿತ್ತು ನಾನು. ಎದ್ದೆ. "ಆ ಬೇರೊಬ್ರು ನಾನೇ. ಗೊತ್ತಿದ್ದೂ ಗೊತ್ತಿದ್ದೂ ಕಳಿಸಿದೆ" ಅಂದೆ. ಅಷ್ಟೇ ಬಾಯಿಗೆ ಬಂದದ್ದು.

ಆಮೇಲೆ ಆರ್ವಿಲ್, ದೇವರು ಅವನ ಕಿವಿಗೆ ಒಳ್ಳೆಯದು ಮಾಡಲಿ, ಹೆಂಡತಿಗೆ ಪಿಸುಗುಟ್ಟಿದ: "ಹಂಗಾದ್ರೆ ಇಷ್ಟ್ ದಿನ ನಾವು ಪ್ರಾರ್ಥನೆ ಮಾಡಿದ್ದು ಯಾರ ಗ್ರೀಕ್‌ಗೆ?" ಒಬ್ಬರೂ ನಗಲಿಲ್ಲ.

ಕೆಳಗೆ ಕಾಫಿಗೆ ಇಳಿದೆ. ಇಳಿಯದೆ ಮನೆಗೆ ಹೋದರೆ ಇನ್ನೆಂದೂ ಇಳಿಯಲಾರೆ ಅನ್ನಿಸಿತು. ಲಾವೊನ್ ನನ್ನ ಎಡಕ್ಕೂ ಬಲಕ್ಕೂ ಕಾಫಿ ಸುರಿದಳು, ನನ್ನ ಬಟ್ಟಲು ಬಿಟ್ಟಳು. ನಾನೇ ಹಾಕಿಕೊಂಡು ಕುಡಿದೆ. ನಿಲುವಂಗಿಯನ್ನು ಮಡಿಸಿ ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಹೊಲಿಗೆ ಬಿಚ್ಚಿಹಾಕಿಲ್ಲ, ಅದನ್ನು ಕೇಳಿ ತಿಳಿದುಕೊಂಡೆ.

ಪ್ರಾರ್ಥನೆಯಲ್ಲಿ ನಿನ್ನ ಹೆಸರು ಈ ವಾರವೂ ಇತ್ತು. ಗ್ರೀಕ್ ಅನ್ನಲಿಲ್ಲ, ಬರೀ ಹೆಸರು.

ಥೋರಾ

ಸೇಂಟ್ ಪಾಲ್
ಫೆಬ್ರವರಿ 21, 1980

ತಾಂತೆ,

ನೀವು ಏಳಬೇಕಿರಲಿಲ್ಲ. ಎದ್ದಿರೆಂದು ಓದಿ ಅತ್ತೆ.

ತರಗತಿ ಶುರುವಾಗಿದೆ. ಮೊದಲ ಬೆಂಚಿನಲ್ಲಿ ಕೂರುತ್ತೇನೆ. ಕಾಫಿ ಕೇಳಿದ್ದ ಹುಡುಗ ಈಗ ಮಾರ್ಕನ ತರಗತಿಯಲ್ಲಿದ್ದಾನೆ, ಕಿಟಕಿಯಿಂದ ಕಾಣುತ್ತಾನೆ. ಮೊದಲ ಪಾಠದ ಹಾಳೆ ಇವತ್ತು ಬಂತು, ಇಪ್ಪತ್ತಕ್ಕೆ ಒಂಬತ್ತು. ಈ ಸಲ ಕೆಂಪು ಶಾಯಿಯನ್ನೆಲ್ಲ ಓದಿದೆ, ಎರಡೆರಡು ಸಲ.

ಪ್ರೊಫೆಸರ್ ನಿಮ್ಮ ವಿಳಾಸ ಕೇಳಿದರು. ಯಾಕೆಂದು ಹೇಳಲಿಲ್ಲ. ಕೊಟ್ಟಿದ್ದೇನೆ.

ಆರ್ಡಿಸ್

ಹೆಗ್ರೆ
ಫೆಬ್ರವರಿ 27, 1980

ಆರ್ಡಿಸ್,

ಸೆಮಿನರಿಯಿಂದ ದಪ್ಪನೆಯ ಲಕೋಟೆ ಬಂದಿದೆ. ಮೇಲೆ ಟೈಪು ಮಾಡಿದ ಚೀಟಿ: ಮಿಸೆಸ್ ಥೋರಾ ಎಂಗೆನ್, ಮೊದಲನೇ ಗ್ರೀಕ್, ಪಾಠ ಒಂದರಿಂದ ಇಪ್ಪತ್ತಾರು, ತಿದ್ದಿದ್ದು. ನಾನು ಯಾವ ಹಾಳೆಗೂ ಹೆಸರು ಹಾಕಿರಲಿಲ್ಲ. ಅವರು ಹಾಕಿದ್ದಾರೆ.

ಅದನ್ನು ತೆರೆದಿಲ್ಲ. ಹಿಟ್ಟಿನ ಡಬ್ಬದ ಪಕ್ಕ, ಕೈಗೆ ಸುಲಭವಾಗಿ ಸಿಗದ ಮೇಲಿನ ಹಲಗೆಯಲ್ಲಿಟ್ಟಿದ್ದೇನೆ. ಲಕೋಟೆಯ ಕಾಗದ ತೆಳ್ಳಗಿದೆ, ಬೆಳಕಿಗೆ ಕೆಂಪು ಕಾಣುತ್ತಿತ್ತು, ಅದಕ್ಕೇ ಗೋಡೆ ಕಡೆ ತಿರುಗಿಸಿಟ್ಟೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಇಪ್ಪತ್ತಾರನೇ ಪಾಠವನ್ನು ನೀನು ನೀನಾಗಿ ಮಾಡಿ ಮುಗಿಸಿದ ದಿನ ತೆರೆಯುತ್ತೇನೆ. ಅಷ್ಟರೊಳಗೆ ನಾನು ಸತ್ತರೆ ಹಾಗೇ ಮಣ್ಣು ಮಾಡಲಿ.

ನಿನ್ನ ಹಾಳೆಗಳನ್ನು ಕಳಿಸಬೇಡ. ಅಂಕ ಮಾತ್ರ ಬರೆ.

ಎರಡನೇ ಪಾಠಕ್ಕೆ ಎಷ್ಟು ಬಂತು?

ತಾಂತೆ